ಆಪರೇಷನ್ ಸರಿಯಾಯಿತು, ಅಮ್ಮ ಮಾತ್ರ ಸರಿಯಿಲ್ಲ

ಓದುಗರ ಪ್ರಶ್ನೆ, ತಜ್ಞರ ಉತ್ತರ

ಮನೆಯ ಹಿರಿಯರ ಆಸ್ಪತ್ರೆ ವಾಸ ಮತ್ತು ಮರೆವಿನ ಬಗ್ಗೆ ಬಂದ ಪತ್ರಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ. ವೃದ್ಧರ ಚಿಕಿತ್ಸೆ, ಅರಿವಳಿಕೆ ಮತ್ತು ನರ್ಸಿಂಗ್ ವಿಭಾಗದವರು ಸೇರಿ ಉತ್ತರಿಸಿದ್ದಾರೆ. ಔಷಧಿಗಳ ಹೆಸರು ಕೊಟ್ಟಿರುವುದು ನಿಮ್ಮ ವೈದ್ಯರ ಹತ್ತಿರ ಕೇಳಲು ಅನುಕೂಲವಾಗಲಿ ಎಂದು. ನೀವಾಗಿಯೇ ಯಾವುದನ್ನೂ ಶುರು ಮಾಡಬೇಡಿ, ನಿಲ್ಲಿಸಲೂಬೇಡಿ.

ಪ್ರಶ್ನೆ: ನನ್ನ ತಾಯಿಗೆ 78 ವರ್ಷ. ಸಣ್ಣಪುಟ್ಟ ಮರೆವು ಬಿಟ್ಟರೆ ಚೆನ್ನಾಗಿಯೇ ಇದ್ದರು. ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿಯಿತು, ಆಪರೇಷನ್ ಆಯಿತು. ಎರಡನೇ ರಾತ್ರಿಯಿಂದ ನನ್ನನ್ನೇ "ನೀನ್ಯಾರಮ್ಮ" ಅನ್ನತೊಡಗಿದರು, ಡ್ರಿಪ್ ಕಿತ್ತರು, ತವರಿಗೆ ಹೋಗಬೇಕೆಂದು ಹಟ. ಬೆಳಗಾದರೆ ಸ್ವಲ್ಪ ಸರಿ. ಡ್ಯೂಟಿ ಡಾಕ್ಟರ್ "ವಯಸ್ಸಾಯ್ತಲ್ಲ" ಅಂದರು. ಹತ್ತು ದಿನಕ್ಕೆ ತಿಳಿಯಾಯಿತಾದರೂ ಮೊದಲಿನ ಅಮ್ಮ ಅಲ್ಲ. ಅರಿವಳಿಕೆಯಿಂದ ಡಿಮೆನ್ಷಿಯಾ ಬಂತೇ? ಆಗ ನಾವು ಏನು ಕೇಳಬೇಕಿತ್ತು? — ದಾವಣಗೆರೆಯಿಂದ

ಉತ್ತರ: ನಿಮ್ಮ ತಾಯಿಗೆ ಆದದ್ದು ಡಿಲಿರಿಯಂ, ಅಂದರೆ ಮಿದುಳಿಗೆ ಥಟ್ಟನೆ ಕವಿಯುವ ಗೊಂದಲ. ಡಿಮೆನ್ಷಿಯಾ ವರ್ಷಗಟ್ಟಲೆ ಮೆಲ್ಲಗೆ ಏರುತ್ತದೆ. ಡಿಲಿರಿಯಂ ಗಂಟೆಗಳಲ್ಲಿ, ಹೆಚ್ಚೆಂದರೆ ಒಂದೆರಡು ದಿನದಲ್ಲಿ ಬಂದು ಕೂರುತ್ತದೆ. ಬೆಳಿಗ್ಗೆ ತಿಳಿ, ಸಂಜೆ ಕದಡು. ಒಂದು ಮಾತಿನ ಮೇಲೆ ಗಮನ ನಿಲ್ಲುವುದಿಲ್ಲ. ಸೊಂಟ ಮುರಿದು ಆಪರೇಷನ್ ಆದ ವೃದ್ಧರಲ್ಲಿ ಇದು ತೀರಾ ಸಾಮಾನ್ಯ: ಐವರಲ್ಲಿ ಒಬ್ಬರಿಂದ ಹಿಡಿದು ಇಬ್ಬರಲ್ಲಿ ಒಬ್ಬರವರೆಗೆ ಬೇರೆ ಬೇರೆ ಅಧ್ಯಯನಗಳ ಲೆಕ್ಕವಿದೆ. ಸಾಮಾನ್ಯ ಅಂದಮಾತ್ರಕ್ಕೆ ಸಹಜ ಅಲ್ಲ. "ವಯಸ್ಸಾಯ್ತಲ್ಲ" ಎಂಬ ಮಾತನ್ನು ರೋಗನಿರ್ಣಯ ಎಂದು ಒಪ್ಪಬಾರದು.

ಮುರಿದ ಮೂಳೆ ಮತ್ತು ಶಸ್ತ್ರಚಿಕಿತ್ಸೆಯ ಗಾಯ ಎರಡೂ ದೇಹದಲ್ಲಿ ಉರಿಯೂತ ಎಬ್ಬಿಸುತ್ತವೆ. ಅದರ ಪರಿಣಾಮ ಮಿದುಳಿಗೂ ತಟ್ಟುತ್ತದೆ. ಮಿದುಳು ಗಟ್ಟಿಯಾಗಿದ್ದರೆ ತಡೆದುಕೊಳ್ಳುತ್ತದೆ. ಒಳಗೇ ಸವೆಯುತ್ತಿದ್ದರೆ, ಅದರ ಮೇಲೆ ನೋವು, ನಿದ್ದೆಗೇಡು, ಔಷಧಿ, ಜ್ವರ ಎಲ್ಲ ಬಿದ್ದಾಗ ಕುಸಿಯುತ್ತದೆ. ನಿಮ್ಮ ತಾಯಿಯ "ಸಣ್ಣಪುಟ್ಟ ಮರೆವು" ಆಗಲೇ ಡಿಮೆನ್ಷಿಯಾದ ಮೊದಲ ಹಂತವಾಗಿದ್ದಿರಬಹುದು. ಮನೆಯಲ್ಲಿ ಅದೇ ಅಡುಗೆಮನೆ, ಅದೇ ದಿನಚರಿ ಇದ್ದುದರಿಂದ ಮುಚ್ಚಿಹೋಗಿತ್ತು, ಆಸ್ಪತ್ರೆಯಲ್ಲಿ ಬಯಲಾಯಿತು. ಹಾಗೆಂದು ಡಿಲಿರಿಯಂ ಬರೀ ಬಯಲು ಮಾಡಿ ಸುಮ್ಮನಾಗುವುದಿಲ್ಲ. ಡಿಮೆನ್ಷಿಯಾದ ಸಾಮಾನ್ಯ ಬಗೆಯಾದ ಅಲ್ಝೈಮರ್ ಇರುವವರಿಗೆ ಆಸ್ಪತ್ರೆಯಲ್ಲಿ ಡಿಲಿರಿಯಂ ಬಂದರೆ, ನಂತರದ ದಿನಗಳಲ್ಲಿ ನೆನಪಿನ ಇಳಿಕೆ ಹೆಚ್ಚುಕಡಿಮೆ ದುಪ್ಪಟ್ಟು ವೇಗ ಪಡೆಯುತ್ತದೆ ಎಂದು ಅಂಥವರನ್ನು ವರ್ಷಗಟ್ಟಲೆ ಗಮನಿಸಿದ ಅಧ್ಯಯನಗಳು ಹೇಳುತ್ತವೆ. ಅದಕ್ಕೇ ಒಂದೊಂದು ದಿನವೂ ಮುಖ್ಯ.

ಏನು ಕೇಳಬೇಕಿತ್ತು? "ಡಿಲಿರಿಯಂ ಇರಬಹುದೇ, ಕಾರಣ ಹುಡುಕಿದ್ದೀರಾ" ಎಂದು ನೇರವಾಗಿ ಕೇಳಬೇಕು. ಕಾರಣ ಸಾಮಾನ್ಯವಾಗಿ ಒಂದೇ ಇರುವುದಿಲ್ಲ, ಮೂರು ನಾಲ್ಕು ಸೇರಿಕೊಂಡಿರುತ್ತವೆ.

ಮೊದಲಿಗೆ ನೋವು. ಮರೆವಿನವರು "ನೋವು" ಎಂದು ಹೇಳುವುದೇ ಕಡಿಮೆ. ಮಗ್ಗುಲು ಬದಲಿಸುವಾಗ ಮುಖ ಕಿವುಚುತ್ತಾರೆಯೇ, ಮುಷ್ಟಿ ಬಿಗಿಯುತ್ತಾರೆಯೇ ನೋಡಬೇಕು. "ಕೇಳಿದರೆ ಕೊಡೋಣ" ಎಂಬ ಪದ್ಧತಿ ಇವರಿಗೆ ಆಗದು. ಗಡಿಯಾರ ನೋಡಿಕೊಂಡು ಪ್ಯಾರಾಸಿಟಮಾಲ್ ಕೊಡಬೇಕು. ಸಾಮಾನ್ಯ ತೂಕದವರಿಗೆ 650 ಮಿ.ಗ್ರಾಂ. ಆರು ಗಂಟೆಗೊಮ್ಮೆ ಎಂದು ಬರೆಯುವುದು ರೂಢಿ, ತೀರಾ ತೆಳ್ಳಗಿದ್ದರೆ ಅಥವಾ ಲಿವರ್ ತೊಂದರೆಯಿದ್ದರೆ ಕಡಿಮೆ. ಸೊಂಟ ಮುರಿತಕ್ಕೆ ತೊಡೆಸಂದಿಯಲ್ಲಿ ನರದ ಸುತ್ತ ಮರಗಟ್ಟಿಸುವ ಇಂಜೆಕ್ಷನ್ ಕೊಡುವ ಸೌಲಭ್ಯ ಇದ್ದರೆ ಬಿಡಬಾರದು. ಅದರಿಂದ ಟ್ರಮಡಾಲ್‌ನಂಥ ಔಷಧಿ ಕಡಿಮೆ ಸಾಕಾಗುತ್ತದೆ. ಪೆಥಿಡಿನ್, ಪೆಂಟಾಜೋಸಿನ್ ಎಂಬ ನೋವಿನ ಇಂಜೆಕ್ಷನ್ ಇವೆರಡನ್ನು ಈ ವಯಸ್ಸಿನವರಿಗೆ ಬೇಡ ಎಂದು ಹೇಳಿ. ತಲೆ ಕೆಡಿಸುವುದರಲ್ಲಿ ಮುಂದು.

ಆಮೇಲೆ ಮೂತ್ರ. ಪೈಪು ತೆಗೆದ ಮೇಲೆ ಮೂತ್ರ ಕಟ್ಟಿಕೊಂಡು ಕಿಬ್ಬೊಟ್ಟೆ ಉಬ್ಬಿದ್ದರೂ ಅವರಿಗೆ ಹೇಳಲು ಬಾರದು, ಒದ್ದಾಡುತ್ತಾರೆ ಅಷ್ಟೆ. ಸ್ವಲ್ಪ ಸ್ವಲ್ಪ ಹೋಗುತ್ತಿದೆ ಎಂದರೂ ಒಳಗೆ ತುಂಬಿಕೊಂಡಿರಬಹುದು. ಸ್ಕ್ಯಾನ್ ಮಾಡಿದರೆ ಗೊತ್ತಾಗುತ್ತದೆ. ಇತ್ತ ಪೈಪು ಹಾಗೇ ಉಳಿದರೂ ಕಷ್ಟ: ಸೋಂಕು ತರುತ್ತದೆ, ಹಾಸಿಗೆಗೆ ಕಟ್ಟಿಹಾಕುತ್ತದೆ. ಬೇರೆ ಕಾರಣವಿಲ್ಲದಿದ್ದರೆ ಒಂದೆರಡು ದಿನದಲ್ಲಿ ತೆಗೆಯಬೇಕು. ಮೂರು ದಿನ ಹೊಟ್ಟೆ ಹೋಗಿಲ್ಲ ಎಂಬುದೂ ಒಂದು ಕಾರಣವೇ. ಕೇಸ್ ಶೀಟ್‌ನಲ್ಲಿ ಇದನ್ನು ಯಾರೂ ಬರೆದಿರುವುದಿಲ್ಲ.

ರಕ್ತದಲ್ಲಿ ಸೋಡಿಯಂ ನೋಡಿಸಿ. 135ರಿಂದ 145 ಸರಿಯಾದ ಮಟ್ಟ. ಬಿಪಿಗೆ ನೀರಿನ ಮಾತ್ರೆ ನುಂಗುವವರಿಗೆ, ಬರೀ ಗ್ಲೂಕೋಸ್ ಬಾಟಲಿ ಏರಿಸಿದವರಿಗೆ ಇದು ಕೆಳಗಿಳಿಯುತ್ತದೆ. ಸಕ್ಕರೆ ಹೆಚ್ಚಿದ್ದರೆ ಎಲ್ಲರೂ ಗಮನಿಸುತ್ತಾರೆ, ಕಡಿಮೆಯಾದದ್ದು ತಪ್ಪಿಹೋಗುತ್ತದೆ. ಊಟ ಅರ್ಧ, ಇನ್ಸುಲಿನ್ ಪೂರ್ತಿ ಎಂದಾದಾಗ ಹೀಗೆ. ಆಮ್ಲಜನಕ, ಹಿಮೋಗ್ಲೋಬಿನ್, ಎದೆಯ ಸೋಂಕು ಇವನ್ನು ವೈದ್ಯರು ತಾವಾಗಿಯೇ ನೋಡುತ್ತಾರೆ.

ಮುಂದಿನದು ಔಷಧಿ ಚೀಟಿ. ರಕ್ತ ಏರಿಸುವ ಮುಂಚೆ, ಚಳಿ ಬಂದಾಗ, ಮೈ ಕೆರೆದಾಗ ಕೊಡುವ ಅವಿಲ್, ಫೆನರ್ಗನ್ ಇಂಜೆಕ್ಷನ್‌ಗಳು ನೆನಪಿಗೆ ಬೇಕಾದ ಅಸಿಟೈಲ್‌ಕೋಲೀನ್ ಎಂಬ ರಾಸಾಯನಿಕದ ಕೆಲಸವನ್ನೇ ತಡೆಯುತ್ತವೆ. ಅಲ್ಝೈಮರ್‌ನಲ್ಲಿ ಮೊದಲೇ ಕೊರತೆಯಿರುವುದು ಅದರದ್ದೇ. ಖಿನ್ನತೆಗೂ ನರದ ನೋವಿಗೂ ಕೊಡುವ ಅಮಿಟ್ರಿಪ್ಟಿಲಿನ್, ನಡುಕಕ್ಕೆ ಕೊಡುವ ಟ್ರೈಹೆಕ್ಸಿಫೆನಿಡಿಲ್, ಹೊಟ್ಟೆನೋವಿನ ಡೈಸೈಕ್ಲೊಮಿನ್, ಮೂತ್ರದ ಅವಸರಕ್ಕೆ ಕೊಡುವ ಆಕ್ಸಿಬ್ಯೂಟಿನಿನ್ ಇವೂ ಅದೇ ಜಾತಿ. ಥಟ್ಟನೆ ನಿಂತುಹೋದದ್ದೂ ಅಷ್ಟೇ ಕೆಟ್ಟದ್ದು. ಹತ್ತು ವರ್ಷದಿಂದ ರಾತ್ರಿ ನಿದ್ದೆಗೆ ಅಲ್ಪ್ರಾಜೋಲಾಂ ನುಂಗುತ್ತಿದ್ದವರಿಗೆ ಆಸ್ಪತ್ರೆಯಲ್ಲಿ ಅದು ತಪ್ಪಿದರೆ ಎರಡು ಮೂರನೇ ದಿನ ಗಲಾಟೆ ಶುರು. ಕುಡಿತವೂ ಹಾಗೆಯೇ. "ನಮ್ಮ ತಂದೆ ಕುಡಿಯಲ್ಲ ಡಾಕ್ಟ್ರೇ" ಎಂದು ಮರ್ಯಾದೆಗೆ ಸುಳ್ಳು ಹೇಳಿದ ಮನೆಯವರ ರೋಗಿ ಮೂರನೇ ರಾತ್ರಿ ನಡುಗುತ್ತ ಎದ್ದು ಕೂತಾಗ ವೈದ್ಯರು ಕತ್ತಲಲ್ಲಿ ತಡಕಾಡಬೇಕಾಗುತ್ತದೆ. ಅಜ್ಜಿಯ ಎಲೆಅಡಿಕೆಯ ಜೊತೆಗಿದ್ದ ಹೊಗೆಸೊಪ್ಪು, ಕಡ್ಡಿಪುಡಿಯನ್ನೂ ಹೇಳಿ.

ಇನ್ನು ರಾತ್ರಿ. ಜೊತೆಗಿರುವವರು ಒಬ್ಬರೇ ಆಗಲಿ, ಆದರೆ ಅವರಿಗೆ ಚೆನ್ನಾಗಿ ಗೊತ್ತಿರುವ ಮುಖವಾಗಲಿ. ಕನ್ನಡಕ, ಕಿವಿ ಯಂತ್ರ, ಹಲ್ಲಿನ ಸೆಟ್ಟು ಬ್ಯಾಗಿನಲ್ಲಲ್ಲ, ಅವರ ಮೈಮೇಲಿರಬೇಕು. ಕಣ್ಣು ಮಂಜು, ಕಿವಿ ಮಂದ ಆದವರಿಗೆ ಕಿಟಕಿಯ ಪರದೆಯೂ ಕಳ್ಳನಂತೆ ಕಾಣುತ್ತದೆ. ಹತ್ತು ಗಂಟೆಗೆ ದೊಡ್ಡ ದೀಪ ಆರಿಸಿ, ಸಣ್ಣ ದೀಪ ಉಳಿಸಿ. ಸ್ಥಿತಿ ಸ್ಥಿರವಾಗಿದ್ದರೆ ನಡುರಾತ್ರಿಯ ಬಿಪಿ, ಮಾತ್ರೆಗಳನ್ನು ಬೆಳಿಗ್ಗೆಗೆ ಸರಿಸಬಹುದೇ ಎಂದು ಸಿಸ್ಟರನ್ನು ಕೇಳಿ, ಬಹಳ ಸಲ ಒಪ್ಪುತ್ತಾರೆ. ತವರಿಗೆ ಹೋಗಬೇಕು ಎಂದರೆ "ನಿಮ್ಮಪ್ಪ ಹೋಗಿ ನಲವತ್ತು ವರ್ಷ ಆಯ್ತಲ್ಲಮ್ಮ" ಎಂದು ವಾದಿಸಬೇಡಿ. "ಹೋಗೋಣ, ಮೊದಲು ಒಂದು ಲೋಟ ಬಿಸಿನೀರು ಕುಡಿ, ತವರಲ್ಲಿ ಯಾರ್ಯಾರಿದ್ದಾರೆ ಹೇಳು" ಎಂದರೆ ಮಾತು ತಿರುಗುತ್ತದೆ. ಹಗಲಲ್ಲಿ ಕಿಟಕಿ ಪಕ್ಕ ಕುರ್ಚಿಯಲ್ಲಿ ಕೂರಿಸಿ. ಸೊಂಟದ ಆಪರೇಷನ್ ಆದವರನ್ನು ಮರುದಿನವೇ ಏಳಿಸುವುದು ಇಂದಿನ ಪದ್ಧತಿ. ಆರೋಗ್ಯವಾಗಿದ್ದ ವೃದ್ಧರನ್ನೇ ಹತ್ತು ದಿನ ಮಲಗಿಸಿಟ್ಟು ನೋಡಿದ 2007ರ ಅಮೆರಿಕದ ಅಧ್ಯಯನದಲ್ಲಿ ಕಾಲುಗಳಿಂದ ಸುಮಾರು ಒಂದು ಕೆ.ಜಿ. ಮಾಂಸ ಕರಗಿತ್ತು.

ಇವೆಲ್ಲ ಅಜ್ಜಿಯ ಉಪಚಾರದಂತೆ ಕಾಣಬಹುದು. ಆದರೆ 1999ರಲ್ಲಿ ಅಮೆರಿಕದ ಯೇಲ್‌ನಲ್ಲಿ ಶರೋನ್ ಇನೂಯೆ ಅವರ ತಂಡ 70 ದಾಟಿದ 852 ಒಳರೋಗಿಗಳಲ್ಲಿ ಇದನ್ನೇ ಅಳೆದು ನೋಡಿತು: ನಿದ್ದೆ, ನಡಿಗೆ, ನೀರು, ಕಣ್ಣು, ಕಿವಿ, ಹೊತ್ತುಗೊತ್ತಿನ ನೆನಪು. ಡಿಲಿರಿಯಂ ಶೇ 15ರಿಂದ 9.9ಕ್ಕೆ ಇಳಿಯಿತು. ಬಂದ ಮೇಲೆ ಮಾಡಿದ್ದರಿಂದ ಅಷ್ಟು ಫಲ ಸಿಗಲಿಲ್ಲ, ಬರುವ ಮುಂಚೆ ಮಾಡಿದ್ದರಿಂದ ಸಿಕ್ಕಿತು. ಮೊದಲ ದಿನದಿಂದಲೇ ಎಂದು ಹೇಳುವುದು ಅದಕ್ಕೆ.

ಪ್ರಶ್ನೆ: ಅಪ್ಪನಿಗೆ 74, ಡಿಮೆನ್ಷಿಯಾಕ್ಕೆ ಒಂದು ವರ್ಷದಿಂದ ಡೊನೆಪೆಜಿಲ್ ತಗೊಳ್ತಿದ್ದಾರೆ. ಎರಡೂ ಮಂಡಿ ಬದಲಿಸಬೇಕು ಅಂತಾರೆ. ಬೆನ್ನಿಗೆ ಇಂಜೆಕ್ಷನ್ ಕೊಟ್ಟರೆ ಮಿದುಳಿಗೆ ತೊಂದರೆಯಿಲ್ಲ, ಪೂರ್ತಿ ಮತ್ತು ಬರಿಸಿದರೆ ಮರೆವು ಹೆಚ್ಚುತ್ತೆ ಅಂತ ಎಲ್ಲರೂ ಹೇಳ್ತಾರೆ, ನಿಜವೇ? — ಶಿವಮೊಗ್ಗದಿಂದ

ಉತ್ತರ: ನಂಬಿಕೆ ಹಳೆಯದು. 1955ರಲ್ಲೇ ಇಂಗ್ಲೆಂಡಿನ ವೈದ್ಯ ಬೆಡ್‌ಫರ್ಡ್ ಅರಿವಳಿಕೆಯ ನಂತರ ವೃದ್ಧರ ಬುದ್ಧಿ ಮಂಕಾಗುವುದರ ಬಗ್ಗೆ ಬರೆದಿದ್ದರು. ಆದರೆ ಸೊಂಟ ಮುರಿದವರಲ್ಲಿ ಎರಡೂ ವಿಧಾನವನ್ನು ಚೀಟಿ ಎತ್ತಿದಂತೆ ಹಂಚಿ ನೋಡಿದ ದೊಡ್ಡ ಪರೀಕ್ಷೆಗಳಲ್ಲಿ ವ್ಯತ್ಯಾಸ ಸಿಗಲಿಲ್ಲ. 2021ರ ಉತ್ತರ ಅಮೆರಿಕದ ಪರೀಕ್ಷೆಯಲ್ಲಿ 1600 ಜನ. ಬೆನ್ನಿನ ಇಂಜೆಕ್ಷನ್ ಪಡೆದವರಲ್ಲಿ ಡಿಲಿರಿಯಂ ಶೇ 20.5, ಪೂರ್ತಿ ಮತ್ತು ಬರಿಸಿದವರಲ್ಲಿ 19.7. ಮರುವರ್ಷದ ಚೀನಾದ ಪರೀಕ್ಷೆಯದೂ ಅದೇ ಕತೆ. ಬೆನ್ನಿನ ಇಂಜೆಕ್ಷನ್ ಕೊಟ್ಟು, ಅಲ್ಲಾಡದಿರಲಿ ಎಂದು ನಿದ್ದೆ ಬರಿಸುವ ಮಿಡಜೋಲಾಂ ಹಾಕಿ ಗಾಢವಾಗಿ ಮಲಗಿಸಿದರೆ ಆ ವಿಧಾನ ಆರಿಸಿದ್ದರ ಅರ್ಥವೇ ಹೋಯಿತು. ಎದೆ, ಹೃದಯ, ಬೆನ್ನುಮೂಳೆಯ ಸ್ಥಿತಿ ನೋಡಿ ಅರಿವಳಿಕೆ ವೈದ್ಯರು ಆರಿಸಲಿ. ನೀವು ಕೇಳಬೇಕಾದದ್ದು "ನಿದ್ದೆ ಔಷಧಿ ಎಷ್ಟು ಕಡಿಮೆ ಮಾಡಬಹುದು, ನೋವಿಗೆ ನರದ ಬ್ಲಾಕ್ ಕೊಡುತ್ತೀರಾ" ಎಂದು.

ಡೊನೆಪೆಜಿಲ್ ವಿಷಯ ಖಂಡಿತ ಹೇಳಿ. ಅದು ಸ್ನಾಯು ಸಡಿಲಿಸುವ ಸಕ್ಸಮೆಥೋನಿಯಂನ ಪರಿಣಾಮವನ್ನು ಲಂಬಿಸಬಲ್ಲದು, ನಾಡಿಬಡಿತವನ್ನೂ ತಗ್ಗಿಸುತ್ತದೆ. ಗೊತ್ತಿದ್ದರೆ ಅವರು ಹೊಂದಿಸಿಕೊಳ್ಳುತ್ತಾರೆ. ಹಾಗಾಗಿ ಸಾಮಾನ್ಯವಾಗಿ ನಿಲ್ಲಿಸುವ ಅಗತ್ಯ ಬೀಳುವುದಿಲ್ಲ.

ನಿಜವಾದ ಪ್ರಶ್ನೆ ಆಪರೇಷನ್ ಬೇಕೇ ಎಂಬುದು. ಹೊಸ ಮಂಡಿ ಕೆಲಸಕ್ಕೆ ಬರಬೇಕಾದರೆ ವಾರಗಟ್ಟಲೆ ನೋವು ಸಹಿಸಿಕೊಂಡು ವ್ಯಾಯಾಮ ಮಾಡಬೇಕು. ಹೇಳಿಕೊಟ್ಟದ್ದು ಸಂಜೆಗೆ ಮರೆತುಹೋದರೆ ಮಂಡಿ ಬಿಗಿದುಕೊಳ್ಳುತ್ತದೆ. ಒಂದು ಪರೀಕ್ಷೆ ಮಾಡಿ ನೋಡಿ: ಫಿಸಿಯೋಥೆರಪಿಸ್ಟ್ ಹತ್ತಿರ ಈಗಲೇ ನಾಲ್ಕು ವಾರ ಕಳಿಸಿ, ತೊಡೆಯ ಸ್ನಾಯುವಿನ ವ್ಯಾಯಾಮ ಶುರು ಮಾಡಿಸಿ. ಮನೆಯವರು ನೆನಪಿಸಿದರೆ ಮಾಡುತ್ತಾರೆ ಎಂದಾದರೆ ಆಪರೇಷನ್ ನಂತರವೂ ಮಾಡುತ್ತಾರೆ, ಕಾಲೂ ಗಟ್ಟಿಯಾಗಿರುತ್ತದೆ. ಎಷ್ಟು ಹೇಳಿದರೂ ಆಗುವುದಿಲ್ಲ ಎಂದರೆ ವಾಕರ್, ನೋವಿನ ಔಷಧಿ, ತೂಕ ಇಳಿಸುವುದರಲ್ಲೇ ಇರುವುದು ಲೇಸು. ಮಂಡಿಯ ಎಕ್ಸ್‌ರೇ ಎಷ್ಟೇ ಕೆಟ್ಟದಾಗಿರಲಿ, ನೋವು ರಾತ್ರಿ ನಿದ್ದೆ ಕೆಡಿಸುತ್ತಿದೆಯೇ, ಓಡಾಟ ನಿಲ್ಲಿಸಿದೆಯೇ ಎಂಬುದರ ಮೇಲೆ ತೀರ್ಮಾನವಾಗಲಿ. ಮಾಡಿಸುವುದೇ ಆದರೂ ಡಿಮೆನ್ಷಿಯಾ ಇರುವವರಿಗೆ ಎರಡೂ ಮಂಡಿ ಒಂದೇ ಸಲ ಬೇಡ ಎಂಬುದು ನಮ್ಮ ಖಚಿತ ಅಭಿಪ್ರಾಯ. ಖರ್ಚು ಉಳಿಯುತ್ತದೆ ಎಂಬ ಲೆಕ್ಕ ಇಲ್ಲಿ ನಡೆಯದು. ರಕ್ತಸ್ರಾವ, ನೋವು, ಹಾಸಿಗೆಯ ದಿನಗಳು ಎಲ್ಲವೂ ಹೆಚ್ಚು.

ತಯಾರಿಗೆ ಒಂದು ತಿಂಗಳಿಟ್ಟುಕೊಳ್ಳಿ. ಹಿಮೋಗ್ಲೋಬಿನ್ ಕಡಿಮೆಯಿದ್ದರೆ ಸರಿಪಡಿಸಿ. ಬಿ12 ನೋಡಿಸಿ, ಸಸ್ಯಾಹಾರಿ ಮನೆಗಳಲ್ಲಿ ಕೊರತೆ ಬಹಳ. ಕಿವಿಯ ಗುಗ್ಗೆ ತೆಗೆಸಿ. ಈಗಿನ ನೆನಪಿನ ಪರೀಕ್ಷೆಯ ಅಂಕ ಬರೆಸಿಟ್ಟುಕೊಳ್ಳಿ, ಆಮೇಲೆ ಹೋಲಿಸಲು ಬೇಕು. "ರಾತ್ರಿ ಹನ್ನೆರಡರಿಂದ ಹನಿ ನೀರೂ ಬೇಡ" ಎಂಬುದು ಹಳೆಯ ಪದ್ಧತಿ. ಸಾಮಾನ್ಯವಾಗಿ ತಿಂಡಿ ಊಟ ಆರು ಗಂಟೆ ಮುಂಚೆ ನಿಲ್ಲಿಸಿದರೆ ಸಾಕು, ನೀರು ಎರಡು ಗಂಟೆ ಮುಂಚಿನವರೆಗೂ ಕುಡಿಯಬಹುದು. ಸಕ್ಕರೆ ಕಾಯಿಲೆಯಿಂದ ಹೊಟ್ಟೆ ನಿಧಾನವಾದವರಿಗೆ ಇದು ಬೇರೆ, ನಿಮ್ಮ ಅರಿವಳಿಕೆ ವೈದ್ಯರ ಮಾತೇ ಕೊನೆ. ಬೆಳಗಿನ ಮೊದಲ ಆಪರೇಷನ್ನೇ ಬೇಕೆಂದು ಕೇಳಿ. ಮಧ್ಯಾಹ್ನ ಮೂರರವರೆಗೆ ಬಾಯಾರಿ ಕಾದು ಕೂತವರು ಥಿಯೇಟರ್ ಸೇರುವಾಗಲೇ ಅರ್ಧ ಗೊಂದಲಕ್ಕೆ ಬಿದ್ದಿರುತ್ತಾರೆ.

ಪ್ರಶ್ನೆ: ನಾನಿರುವುದು ಮೆಲ್ಬರ್ನ್‌ನಲ್ಲಿ. ಮೈಸೂರಿನಲ್ಲಿ ಅಮ್ಮನಿಗೆ ಪಿತ್ತಕೋಶದ ಆಪರೇಷನ್ ಆಯಿತು. ವಿಡಿಯೋ ಕಾಲ್‌ನಲ್ಲಿ ನೋಡಿದರೆ ಕಣ್ಣು ಮುಚ್ಚಿಕೊಂಡೇ ಇರುತ್ತಿದ್ದರು, ಕೇಳಿದ್ದಕ್ಕೆ ಹೂಂ ಅಷ್ಟೆ. "ತುಂಬಾ ಶಾಂತವಾಗಿದ್ದಾರೆ, ತೊಂದರೆನೇ ಕೊಡಲ್ಲ" ಅಂತ ಮನೆಯವರೂ ಸಿಸ್ಟರೂ ಖುಷಿಯಾಗಿದ್ದರು. ನನಗ್ಯಾಕೋ ಸಮಾಧಾನವಿರಲಿಲ್ಲ.

ಉತ್ತರ: ನಿಮ್ಮ ಅನುಮಾನವೇ ಸರಿಯಿತ್ತು. ಡಿಲಿರಿಯಂ ಎಂದರೆ ಕೂಗಾಟ ಎಂದುಕೊಂಡುಬಿಟ್ಟಿದ್ದೇವೆ. ಮಂಕು ಕವಿದು ಮಲಗಿಯೇ ಇರುವ ಬಗೆಯೂ ಇದೆ. ವೃದ್ಧರಲ್ಲಿ ಅದೇ ಹೆಚ್ಚು, ಯಾರ ಕಣ್ಣಿಗೂ ಬೀಳದೆ ಹೋಗುವುದೂ ಅದೇ. ಸದ್ದು ಮಾಡದವರು ನೀರು ಕೇಳುವುದಿಲ್ಲ, ಮಗ್ಗುಲು ಬದಲಿಸುವುದಿಲ್ಲ, ಆಹಾರ ಶ್ವಾಸನಾಳಕ್ಕೆ ಇಳಿಯುತ್ತದೆ, ಬೆನ್ನು ಹುಣ್ಣಾಗುತ್ತದೆ. ಪರಿಣಾಮ ಗಲಾಟೆಯವರಿಗಿಂತ ಕೆಟ್ಟದಾಗಿರುವುದೇ ಹೆಚ್ಚು.

ದೂರದಿಂದಲೂ ಪರೀಕ್ಷಿಸಬಹುದು. ವಾರದ ದಿನಗಳನ್ನು ಶನಿವಾರದಿಂದ ಹಿಂದಕ್ಕೆ ಹೇಳಿಸಿ, ಅಥವಾ ಫಾಲ್ಗುಣ, ಮಾಘ, ಪುಷ್ಯ ಎಂದು ಮಾಸಗಳನ್ನು ಹಿಂದಕ್ಕೆ. ಹೋದ ವಾರ ಹೇಳುತ್ತಿದ್ದವರು ಈಗ ಎರಡನೆಯದಕ್ಕೇ ದಾರಿ ತಪ್ಪಿದರೆ ಗಮನ ಕುಸಿದಿದೆ ಎಂದರ್ಥ. ಆಸ್ಪತ್ರೆಯಲ್ಲಿ ಬಳಸುವ 4ಎಟಿ ಎಂಬ ಎರಡು ನಿಮಿಷದ ಪರೀಕ್ಷೆಯಲ್ಲೂ ಇದೇ ತಿರುಳು: ಎಚ್ಚರ ಹೇಗಿದೆ, ವಯಸ್ಸು, ಹುಟ್ಟಿದ ದಿನ, ಸ್ಥಳ, ಇಸವಿ ಗೊತ್ತೇ, ತಿಂಗಳು ಹಿಂದಕ್ಕೆ ಬರುತ್ತದೆಯೇ, ಬದಲಾವಣೆ ಥಟ್ಟನೆ ಬಂದದ್ದೇ. ಇದರಲ್ಲಿ ಅಂಕ ಬೀಳುವುದು ತಪ್ಪಿದ್ದಕ್ಕೆ. ನಾಲ್ಕು ಅಂಕ ದಾಟಿದರೂ, ನಾಲ್ಕೇ ಬಂದರೂ ಡಿಲಿರಿಯಂ ಶಂಕೆ. ನಮ್ಮ ಹಿರಿಯರ ವಿಷಯದಲ್ಲಿ ಒಂದು ಎಚ್ಚರಿಕೆ ಬೇಕು. ಅನೇಕರ ಆಧಾರ್ ಜನ್ಮದಿನ ಮೇಷ್ಟ್ರು ಶಾಲೆಗೆ ಸೇರಿಸುವಾಗ ಬರೆದದ್ದು. ಅದು ಹೇಳಲು ಬಾರದಿದ್ದರೆ ರೋಗವಲ್ಲ. ಮೊದಲು ಏನು ಗೊತ್ತಿತ್ತು, ಈಗ ಏನು ಹೋಯಿತು ಎಂದು ಹೇಳಬಲ್ಲವರು ಮನೆಯವರೇ. "ಇದು ನಮ್ಮಮ್ಮನ ರೀತಿ ಅಲ್ಲ, ಮಂಗಳವಾರದಿಂದ ಬದಲಾಗಿದೆ" ಎಂಬ ಒಂದು ವಾಕ್ಯ ವೈದ್ಯರಿಗೆ ಸ್ಕ್ಯಾನಿಗಿಂತ ಹೆಚ್ಚು ತಿಳಿಸುತ್ತದೆ. ದಿನ, ಹೊತ್ತು ಹೇಳಿ.

ಪ್ರಶ್ನೆ: ಐಸಿಯುನಲ್ಲಿ ಮಾವನವರ ಎರಡೂ ಕೈ ಮಂಚಕ್ಕೆ ಕಟ್ಟಿದ್ದರು. ನಮ್ಮನ್ನು ದಿನಕ್ಕೆ ಐದು ನಿಮಿಷ ಮಾತ್ರ ಬಿಡುತ್ತಿದ್ದರು. ಪ್ರಶ್ನಿಸುವ ಹಕ್ಕಿದೆಯೇ? — ಹಾಸನದಿಂದ

ಉತ್ತರ: ಪ್ರಶ್ನಿಸಿ. ಉಸಿರಾಟದ ನಳಿಕೆ ಇದ್ದಾಗ ಅದನ್ನು ಕಿತ್ತರೆ ಜೀವಕ್ಕೇ ಅಪಾಯ, ಆಗ ಸ್ವಲ್ಪ ಹೊತ್ತು ಕಟ್ಟುವುದಕ್ಕೆ ಕಾರಣವಿರುತ್ತದೆ. ಬರೀ ಕೈಯ ಡ್ರಿಪ್ಪಿಗಾಗಿ, ಮೂಗಿನ ನಳಿಕೆಗಾಗಿ ದಿನಪೂರ್ತಿ ಕಟ್ಟುವುದು ಬೇರೆ ಮಾತು. ಕಟ್ಟಿದಷ್ಟೂ ಒದ್ದಾಟ ಹೆಚ್ಚು, ಒದ್ದಾಟ ಹೆಚ್ಚಿದಷ್ಟೂ ನಿದ್ದೆ ಇಂಜೆಕ್ಷನ್ ಹೆಚ್ಚು. ಮೂರು ಪ್ರಶ್ನೆ ಕೇಳಿ: ಯಾವ ನಳಿಕೆಗಾಗಿ ಕಟ್ಟಿದ್ದೀರಿ? ಆ ನಳಿಕೆ ಇವತ್ತೂ ಬೇಕೇ? ನಾನು ಪಕ್ಕದಲ್ಲಿ ಕೂತರೆ ಬಿಚ್ಚಬಹುದೇ? ಡ್ರಿಪ್ ಸೂಜಿಯ ಮೇಲೆ ಬ್ಯಾಂಡೇಜ್ ಸುತ್ತಿ ತೋಳು ಮುಚ್ಚಿದರೆ ಅರ್ಧ ಜನ ಅದನ್ನು ಮರೆತೇಬಿಡುತ್ತಾರೆ. ಕೈಗೆ ಟವೆಲ್ಲೋ ಜಪಸರವೋ ಕೊಟ್ಟರೂ ಆದೀತು. ಡಿಮೆನ್ಷಿಯಾ ಇರುವವರ ಜೊತೆ ಒಬ್ಬರನ್ನು ಒಳಗೆ ಬಿಡಿ ಎಂದು ಐಸಿಯು ಮುಖ್ಯಸ್ಥರಿಗೆ ಲಿಖಿತವಾಗಿ ಕೇಳಿ. ಬಾಯಿಮಾತಿಗೆ ಸೆಕ್ಯುರಿಟಿಯವರು ಒಪ್ಪುವುದಿಲ್ಲ, ಚೀಟಿ ಇದ್ದರೆ ಒಪ್ಪುತ್ತಾರೆ.

ಪ್ರಶ್ನೆ: ಪಾರ್ಕಿನ್ಸನ್ ಮತ್ತು ಮರೆವು ಎರಡೂ ಇರುವವರನ್ನು ಅಡ್ಮಿಟ್ ಮಾಡುವಾಗ ವಿಶೇಷ ಎಚ್ಚರಿಕೆ ಏನು? — ಧಾರವಾಡದಿಂದ

ಉತ್ತರ: ಎರಡು ಹೆಸರನ್ನು ಕೇಸ್ ಶೀಟಿನ ಮೇಲೆ ಕೆಂಪು ಅಕ್ಷರದಲ್ಲಿ ಬರೆಸಿ: ಗಲಾಟೆ ತಗ್ಗಿಸಲು ಹ್ಯಾಲೋಪೆರಿಡಾಲ್ ಬೇಡ, ವಾಂತಿಗೆ ಮೆಟೊಕ್ಲೊಪ್ರಮೈಡ್ ಬೇಡ. ಪಾರ್ಕಿನ್ಸನ್‌ನಲ್ಲಿ ಮೊದಲೇ ಕೊರತೆಯಿರುವ ಡೋಪಮೈನ್ ಎಂಬ ಮಿದುಳಿನ ರಾಸಾಯನಿಕದ ಕೆಲಸವನ್ನು ಎರಡೂ ತಡೆಯುತ್ತವೆ. ಪಾರ್ಕಿನ್ಸನ್‌ಗೆ ಹತ್ತಿರದ ಬಗೆಯಾದ ಲೂಯಿ ಬಾಡಿ ಡಿಮೆನ್ಷಿಯಾದಲ್ಲಂತೂ ಹ್ಯಾಲೋಪೆರಿಡಾಲ್‌ನ ಒಂದೆರಡು ಡೋಸಿಗೇ ಮೈ ಕಟ್ಟಿಗೆಯಂತಾಗಿ ಪ್ರಾಣಾಪಾಯ ಆಗಬಹುದು. ವಾಂತಿಗೆ ಒಂಡಾನ್ಸೆಟ್ರಾನ್, ತೀರಾ ಅನಿವಾರ್ಯವಾದಾಗ ಗಲಾಟೆಗೆ ಅತಿ ಕಡಿಮೆ ಪ್ರಮಾಣದ ಕ್ವಟಯಾಪಿನ್ ಎಂಬ ದಾರಿಗಳಿವೆ. ಪಾರ್ಕಿನ್ಸನ್‌ನ ಲೆವೊಡೋಪಾ ಮಾತ್ರೆ ಮನೆಯ ಹೊತ್ತಿಗೇ ಸಿಗಬೇಕು, ಆಸ್ಪತ್ರೆಯ ರೌಂಡಿನ ಹೊತ್ತಿಗಲ್ಲ. ಆಪರೇಷನ್ ದಿನವೂ ಗುಟುಕು ನೀರಿನಲ್ಲಿ ಕೊಡಬಹುದೇ ಎಂದು ಮೊದಲೇ ಕೇಳಿಟ್ಟುಕೊಳ್ಳಿ. ಬಾಯಿಂದ ಆಗದಿದ್ದರೆ ಮೂಗಿನ ನಳಿಕೆಯಲ್ಲಿ.

ಪ್ರಶ್ನೆ: ಅತ್ತೆಗೆ ಮರೆವು ಇದೆ. ಕಣ್ಣಿನ ಪೊರೆ ತೆಗೆಸಲು ಭಯ. — ಹುಬ್ಬಳ್ಳಿಯಿಂದ

ಉತ್ತರ: ತೆಗೆಸಿ. ಹನಿ ಔಷಧಿ ಅಥವಾ ಕಣ್ಣಿನ ಪಕ್ಕದ ಇಂಜೆಕ್ಷನ್ ಸಾಕು, ಅದೇ ದಿನ ಮನೆಗೆ. ಕಣ್ಣು ಕಾಣದಿರುವುದೇ ಗೊಂದಲಕ್ಕೂ ಬೀಳುವುದಕ್ಕೂ ದೊಡ್ಡ ಕಾರಣ. ಹದಿನೈದು ಇಪ್ಪತ್ತು ನಿಮಿಷ ಅಲ್ಲಾಡದೆ ಮಲಗುತ್ತಾರೆಯೇ ಎಂದು ಮನೆಯಲ್ಲಿ ಮುಖದ ಮೇಲೆ ತೆಳು ಬಟ್ಟೆ ಹಾಕಿ ಅಭ್ಯಾಸ ಮಾಡಿಸಿ ನೋಡಿ. ಆಮೇಲಿನ ವಾರಗಳಲ್ಲಿ ಹನಿ ಹಾಕುವುದೂ ಕಣ್ಣುಜ್ಜದಂತೆ ನೋಡಿಕೊಳ್ಳುವುದೂ ನಿಮ್ಮ ಕೆಲಸ.

ಪ್ರಶ್ನೆ: ನಮ್ಮ ತಂದೆಗೆ 86. ಡಿಮೆನ್ಷಿಯಾ ಬಹಳ ಮುಂದುವರಿದಿದೆ, ಮಾತಿಲ್ಲ, ಊಟ ನಾವೇ ತಿನ್ನಿಸಬೇಕು. ತೊಡೆಸಂದಿಯಲ್ಲಿ ಹರ್ನಿಯಾ ಇದೆ, ನೋವಿಲ್ಲ. ಆಪರೇಷನ್ ಮಾಡಿಸದಿದ್ದರೆ ನಾವು ಕೈಬಿಟ್ಟಂತೆ ಆಗುತ್ತಾ? — ಕುಂದಾಪುರದಿಂದ

ಉತ್ತರ: ಇಲ್ಲ. ಗಂಡಸರಲ್ಲಿ ನೋವಿಲ್ಲದ, ಮಲಗಿದರೆ ಒಳಗೆ ಹೋಗುವ ಹರ್ನಿಯಾವನ್ನು ನೋಡಿಕೊಂಡು ಕಾಯುವುದು ಒಪ್ಪಿತ ದಾರಿ. ಕರುಳು ಸಿಕ್ಕಿಕೊಳ್ಳುವ ಸಂಭವ ವರ್ಷಕ್ಕೆ ನೂರರಲ್ಲಿ ಒಂದಕ್ಕಿಂತಲೂ ಕಡಿಮೆ. ಆರೋಗ್ಯವಂತರಲ್ಲೇ ಹೀಗೆ ಕಾಯಬಹುದಾದರೆ ಇವರಲ್ಲಿ ಏಕಾಗದು? ಉಬ್ಬು ಗಟ್ಟಿಯಾಗಿ ಒಳಗೆ ಹೋಗದಿದ್ದರೆ, ಬಣ್ಣ ಕೆಂಪಾದರೆ, ವಾಂತಿ, ಹೊಟ್ಟೆ ಉಬ್ಬರ ಬಂದರೆ ತಕ್ಷಣ ತೋರಿಸಿ. ಹೆಂಗಸರಿಗೆ ಈ ಮಾತು ಹೊಂದುವುದಿಲ್ಲ, ಅವರ ತೊಡೆಸಂದಿಯ ಹರ್ನಿಯಾ ಸಿಕ್ಕಿಕೊಳ್ಳುವುದು ಹೆಚ್ಚು.

ಇದೇ ಹಂತದಲ್ಲಿ ಸೊಂಟ ಮುರಿದರೆ ಲೆಕ್ಕ ಬೇರೆ. ನಡೆಯದವರಾದರೂ ಮುರಿದ ಮೂಳೆ ಪ್ರತಿ ಸಲ ಮಗ್ಗುಲು ಬದಲಿಸುವಾಗ ನೋಯುತ್ತದೆ. ನೋವು ಶಮನಕ್ಕಾಗಿಯೇ ಆಪರೇಷನ್ ಮಾಡಿಸುವುದುಂಟು. ಆಗಲಿ ಎಂದು ನಿರ್ಧರಿಸಿದರೆ 24ರಿಂದ 48 ಗಂಟೆಯೊಳಗೆ ಆಗಲಿ. "ಇನ್ನೊಂದು ಎಕೋ, ಇನ್ನೊಂದು ಅಭಿಪ್ರಾಯ" ಎಂದು ನಾಲ್ಕು ದಿನ ಎಳೆದರೆ ಹಾಸಿಗೆಯ ಹುಣ್ಣು, ನ್ಯುಮೋನಿಯಾ, ಡಿಲಿರಿಯಂ ಸಾಲಾಗಿ ಬರುತ್ತವೆ. ಊಟ ಕಡಿಮೆಯಾಯಿತು ಎಂದು ನಳಿಕೆ ಹಾಕಿಸಲು ಹೇಳಿದರೆ ಯೋಚಿಸಿ ಒಪ್ಪಿ. ಮುಂದುವರಿದ ಡಿಮೆನ್ಷಿಯಾದಲ್ಲಿ ನಳಿಕೆಯಿಂದ ಆಯುಷ್ಯವೂ ಹೆಚ್ಚುವುದಿಲ್ಲ, ನ್ಯುಮೋನಿಯಾವೂ ತಪ್ಪುವುದಿಲ್ಲ. ನೀವು ಈಗ ಮಾಡುತ್ತಿರುವಂತೆ, ಕೂರಿಸಿ, ನಿಧಾನವಾಗಿ, ಮೆತ್ತಗೆ ಕಲೆಸಿದ ಅನ್ನವನ್ನು ಅವರು ನುಂಗಿದಷ್ಟು ತಿನ್ನಿಸುವುದೇ ಉತ್ತಮ.

ಪ್ರಶ್ನೆ: ಆಪರೇಷನ್ ಆಗಿ ಆರು ವಾರ. ಅಮ್ಮ ಮನೆಗೆ ಬಂದಿದ್ದಾರೆ, ಆದರೆ ಸ್ನಾನದ ಮನೆ ಎಲ್ಲಿ ಅನ್ನುವುದು ಮರೆಯುತ್ತಾರೆ. ಇದು ಇನ್ನು ಹೀಗೇನಾ? ನೆನಪಿನ ಮಾತ್ರೆ ಈಗಲೇ ಶುರು ಮಾಡಿಸಬೇಕಾ? — ತುಮಕೂರಿನಿಂದ

ಉತ್ತರ: ಡಿಲಿರಿಯಂ ಕೆಲವರಲ್ಲಿ ದಿನಗಳಲ್ಲಿ ಇಳಿಯುತ್ತದೆ, ಕೆಲವರಲ್ಲಿ ವಾರಗಳು, ತಿಂಗಳುಗಳೇ ಹಿಡಿಯುತ್ತವೆ. ಡಿಲಿರಿಯಂ ಬಾರದವರಲ್ಲೂ ಆಪರೇಷನ್ ನಂತರ ಬುದ್ಧಿ ಸ್ವಲ್ಪ ಮಂದವಾಗುವುದುಂಟು. 1998ರಲ್ಲಿ ಹಲವು ದೇಶಗಳಲ್ಲಿ 60 ದಾಟಿದವರನ್ನು ಪರೀಕ್ಷಿಸಿದಾಗ ದೊಡ್ಡ ಆಪರೇಷನ್ನಿನ ಒಂದು ವಾರಕ್ಕೆ ಸುಮಾರು ಶೇ 26 ಜನರಲ್ಲಿ ಇಳಿಕೆ ಇತ್ತು, ಮೂರು ತಿಂಗಳಿಗೆ ಅದು ಶೇ 10ರ ಹತ್ತಿರ ಬಂದಿತ್ತು. ಆದ್ದರಿಂದ ಡಿಮೆನ್ಷಿಯಾ ಎಂಬ ಮುದ್ರೆ ಒತ್ತಲು, ಮಾತ್ರೆ ಶುರು ಮಾಡಲು ಮೂರು ತಿಂಗಳು ಕಾಯುವುದು ಒಳ್ಳೆಯದು. ಡೊನೆಪೆಜಿಲ್ ಡಿಲಿರಿಯಂಗೆ ಔಷಧಿಯಲ್ಲ.

ಕಾಯುವುದೆಂದರೆ ಸುಮ್ಮನಿರುವುದಲ್ಲ. ಡಿಸ್ಚಾರ್ಜ್ ಸಮ್ಮರಿಯನ್ನು ಹಳೆಯ ಔಷಧಿ ಚೀಟಿಯ ಪಕ್ಕ ಇಟ್ಟು ನಿಮ್ಮ ವೈದ್ಯರಿಗೆ ತೋರಿಸಿ. ಆಸ್ಪತ್ರೆಯಲ್ಲಿ "ಐದು ದಿನಕ್ಕೆ" ಎಂದು ಕೊಟ್ಟ ಕ್ವಟಯಾಪಿನ್, ನಿದ್ದೆ ಮಾತ್ರೆ ಮೆಡಿಕಲ್ ಶಾಪಿನಿಂದ ತಿಂಗಳುಗಟ್ಟಲೆ ಬರುತ್ತಲೇ ಇರುವುದು ಬಹಳ ಮನೆಗಳ ಕತೆ. ಥೈರಾಯ್ಡ್, ಬಿ12, ಸೋಡಿಯಂ ನೋಡಿಸಿ. ಬಿದ್ದದ್ದಿದ್ದರೆ, ಅದರಲ್ಲೂ ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ, ತಲೆಯ ಸಿಟಿ ಸ್ಕ್ಯಾನ್ ಆಗಲೇಬೇಕು. ತಲೆಬುರುಡೆಯೊಳಗೆ ನಿಧಾನಕ್ಕೆ ರಕ್ತ ಕಟ್ಟಿಕೊಳ್ಳುವುದು ವಾರಗಳ ನಂತರ ಹೀಗೆಯೇ ಕಾಣಿಸುತ್ತದೆ, ಅದಕ್ಕೆ ಚಿಕಿತ್ಸೆಯಿದೆ. ಬಚ್ಚಲಿನ ಬಾಗಿಲಿಗೆ ಬೇರೆ ಬಣ್ಣ ಬಳಿದು ರಾತ್ರಿ ದೀಪ ಉರಿಯುತ್ತಿರಲಿ. ಹಾಸಿಗೆಯಿಂದ ಅಲ್ಲಿಯವರೆಗೆ ಕಾಲಿಗೆ ಸಿಗುವ ಚಾಪೆ, ಕಾಲೊರಸು ತೆಗೆಯಿರಿ. ತರಕಾರಿ ಬಿಡಿಸುವುದು, ಹೂ ಕಟ್ಟುವುದು ಮೊದಲಿನಿಂದ ಬರುತ್ತಿದ್ದರೆ ಕೈಗೆ ಕೊಡಿ, ತಪ್ಪಾದರೆ ತಿದ್ದಬೇಡಿ.

ಮೂರು ತಿಂಗಳ ನಂತರವೂ ಹೀಗೆಯೇ ಇದ್ದರೆ ಪೂರ್ತಿ ತಪಾಸಣೆ ಮಾಡಿಸಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವೃದ್ಧರಿಗೆ ಪ್ರತ್ಯೇಕ ಕ್ಲಿನಿಕ್ ಇದೆ. ಆರೈಕೆ ಮಾಡುವ ನೀವೇ ಕುಗ್ಗಿಹೋದರೆ ಟೆಲಿಮಾನಸ್ 14416ಕ್ಕೆ ಕನ್ನಡದಲ್ಲೇ ಮಾತಾಡಬಹುದು, ಹಿರಿಯರ ಸಹಾಯವಾಣಿ 14567.

ಪ್ರಶ್ನೆ: ತಾತ ಸ್ವಲ್ಪ ಗೊಂದಲವಾದಾಗಲೆಲ್ಲ ಮೂತ್ರ ಪರೀಕ್ಷೆ ಮಾಡಿಸಿ ಆಂಟಿಬಯೋಟಿಕ್ ಕೊಡಿಸುತ್ತೇವೆ. ಈ ವರ್ಷ ನಾಲ್ಕನೇ ಸಲ. ಸರಿಯೇ? — ಬೆಂಗಳೂರಿನಿಂದ

ಉತ್ತರ: ಈ ವಯಸ್ಸಿನಲ್ಲಿ ಏನೂ ತೊಂದರೆಯಿಲ್ಲದೆಯೂ ಮೂತ್ರದಲ್ಲಿ ಬ್ಯಾಕ್ಟೀರಿಯಾ ಇರುವುದು ಮಾಮೂಲಿ. ಪೈಪು ಇದ್ದವರಲ್ಲಂತೂ ಇದ್ದೇ ಇರುತ್ತದೆ. ಜ್ವರ, ಉರಿ, ಹೊಸದಾಗಿ ಪದೇ ಪದೇ ಹೋಗುವುದು, ಸೊಂಟದ ಪಕ್ಕ ನೋವು ಇವಾವುದೂ ಇಲ್ಲದಿದ್ದರೆ ರಿಪೋರ್ಟ್ ನೋಡಿ ಆಂಟಿಬಯೋಟಿಕ್ ಕೊಡುವುದರಿಂದ ಗೊಂದಲ ಇಳಿಯುವುದಿಲ್ಲ. ಭೇದಿ ಹಿಡಿಯಬಹುದು, ಮುಂದೆ ನಿಜವಾಗಿ ಬೇಕಾದಾಗ ಔಷಧಿ ನಾಟದೆ ಹೋಗಬಹುದು. ಮೇಲಾಗಿ, ಕಾರಣ ಸಿಕ್ಕಿತು ಎಂದು ಹುಡುಕಾಟ ನಿಂತುಬಿಡುತ್ತದೆ. ಮುಂದಿನ ಸಲ ಮೊದಲು ನೀರು ಎಷ್ಟು ಕುಡಿದಿದ್ದಾರೆ, ಹೊಟ್ಟೆ ಯಾವಾಗ ಹೋಯಿತು, ಹೊಸ ಮಾತ್ರೆ ಯಾವುದು ಸೇರಿತು ನೋಡಿ. ಗೊಂದಲದ ಜೊತೆ ಜ್ವರ, ಚಳಿನಡುಕ ಬಂದರೆ ಅಥವಾ ಎಬ್ಬಿಸಿದರೂ ಏಳದಿದ್ದರೆ ಪರೀಕ್ಷೆಗೆ ಕಾಯದೆ ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಿರಿ.